ಛಾವಣಿ ಬಿಚ್ಚುವ ಮುನ್ನ ಒಂದು ಫೈಲು: ಅಮೆರಿಕದಲ್ಲಿ ಸರ್ಕಾರಿ ಹಣದ ಮನೆ ದುರಸ್ತಿಗೆ ಪರಿಸರ ಪರಿಶೀಲನೆ

ಅಮೆರಿಕದ ಒಂದು ನಗರದಲ್ಲಿ ಒಂಟಿ ವೃದ್ಧೆಯೊಬ್ಬರ ಮನೆ ಸೋರುತ್ತಿದೆ ಎಂದಿಟ್ಟುಕೊಳ್ಳಿ. ಇಂಥ ಮನೆಗಳ ದುರಸ್ತಿಗೆಂದೇ ಕೇಂದ್ರ ಸರ್ಕಾರದ ವಸತಿ ಮತ್ತು ನಗರಾಭಿವೃದ್ಧಿ ಇಲಾಖೆ ನಗರಸಭೆಗೆ ಅನುದಾನ ಕೊಟ್ಟಿದೆ. ಈ ಇಲಾಖೆಯನ್ನು ಅಲ್ಲಿ ಎಲ್ಲರೂ ‘ಹಡ್’ ಎನ್ನುತ್ತಾರೆ. ಅಜ್ಜಿಯ ಅರ್ಜಿ ಮಂಜೂರಾಗಿದೆ, ಗುತ್ತಿಗೆದಾರನೂ ಸಿಕ್ಕಿದ್ದಾನೆ. ಆದರೂ ಆ ಛಾವಣಿಯಿಂದ ಒಂದು ಮೊಳೆ ಕೀಳುವಂತಿಲ್ಲ. ಅದಕ್ಕೆ ಮುಂಚೆ ನಗರಸಭೆಯ ಕಚೇರಿಯಲ್ಲಿ ಪರಿಸರ ಪರಿಶೀಲನೆಯ ಫೈಲು ತೆರೆದು, ತುಂಬಿ, ಸಹಿ ಹಾಕಿ ಮುಗಿಸಿರಬೇಕು.

ಇರುವ ಮನೆಗೆ ಹೊಸ ಛಾವಣಿ ಹೊದಿಸುವುದಕ್ಕೂ ಪರಿಸರಕ್ಕೂ ಏನು ಸಂಬಂಧ ಎಂದು ಯಾರಾದರೂ ಕೇಳಿದರೆ ತಪ್ಪಿಲ್ಲ. ಹೊಸ ಬಡಾವಣೆಗೋ ಅಣೆಕಟ್ಟಿಗೋ ಮಾಡುವ ಅಧ್ಯಯನವನ್ನು ಇಂಥ ಕೆಲಸಕ್ಕೆ ಯಾರೂ ಕೇಳುವುದೂ ಇಲ್ಲ. ಅದಕ್ಕಾಗಿ ನಿಯಮಗಳಲ್ಲೇ ಒಂದು ಹತ್ತಿರದ ದಾರಿ ಇದೆ. ಅದು ಹೇಗೆ ಸಾಗುತ್ತದೆ, ಎಲ್ಲಿ ಹತ್ತಿರವಾಗುವುದಿಲ್ಲ, ಮತ್ತು ಏಕೆ ಎಂಬುದು ಇಲ್ಲಿನ ವಿಷಯ.

ಮೂಲ ಕಾನೂನು ರಾಷ್ಟ್ರೀಯ ಪರಿಸರ ನೀತಿ ಕಾಯ್ದೆ. ಅಧ್ಯಕ್ಷ ರಿಚರ್ಡ್ ನಿಕ್ಸನ್ ಇದಕ್ಕೆ ಸಹಿ ಹಾಕಿದ್ದು 1970ರ ಜನವರಿ 1ರಂದು. ನಮ್ಮ ಓದುಗರಿಗೆ ಒಂದು ವ್ಯತ್ಯಾಸ ಹೇಳಲೇಬೇಕು. ಭಾರತದಲ್ಲಿ 2006ರ ಪರಿಸರ ಪರಿಣಾಮ ಅಧಿಸೂಚನೆಯ ಪ್ರಕಾರ ಕಟ್ಟಡ ಯೋಜನೆಗಳ ಪೂರ್ವಾನುಮತಿಗೆ ಮೊದಲು ನೋಡುವುದು ಗಾತ್ರವನ್ನು: 20,000 ಚದರ ಮೀಟರ್ ನಿರ್ಮಿತ ಪ್ರದೇಶ ಎಂಬುದು ಗೆರೆ. ಅಮೆರಿಕದ ಈ ಕಾಯ್ದೆಯಲ್ಲಿ ಪ್ರಶ್ನೆ ಏಳುವುದು ಗಾತ್ರದಿಂದಲ್ಲ, ಕೇಂದ್ರ ಸರ್ಕಾರದ ಕೈ ಅದರಲ್ಲಿದೆಯೇ ಎಂಬುದರಿಂದ. ಸ್ವಂತ ದುಡ್ಡಿನಲ್ಲಿ ಛಾವಣಿ ಹಾಕಿಸಿಕೊಳ್ಳುವ ಪಕ್ಕದ ಮನೆಯವರಿಗೆ ಈ ಫೈಲು ಬೇಡ, ಅನುದಾನ ಪಡೆದ ಅಜ್ಜಿಯ ಮನೆಗೆ ಬೇಕು.

ಫೈಲು ತುಂಬುವವರು ಯಾರು ಎಂಬುದರಲ್ಲೂ ಒಂದು ವಿಶೇಷವಿದೆ. 1974ರ ವಸತಿ ಮತ್ತು ಸಮುದಾಯ ಅಭಿವೃದ್ಧಿ ಕಾಯ್ದೆ, ಅನುದಾನ ಪಡೆಯುವ ಸ್ಥಳೀಯ ಸರ್ಕಾರಕ್ಕೇ ಈ ಹೊಣೆಯನ್ನು ವಹಿಸಿಕೊಟ್ಟಿತು. ಪ್ರಮಾಣಪತ್ರಕ್ಕೆ ಸಾಮಾನ್ಯವಾಗಿ ಮೇಯರ್ ಅಥವಾ ಅವರಿಗೆ ಸಮಾನ ಅಧಿಕಾರವುಳ್ಳವರು ಸಹಿ ಹಾಕುತ್ತಾರೆ. ಆ ಸಹಿ ಬರಿಯ ಔಪಚಾರಿಕತೆಯಲ್ಲ. ಈ ಪರಿಶೀಲನೆಯ ವಿಷಯದಲ್ಲಿ ಕೇಂದ್ರ ನ್ಯಾಯಾಲಯದ ಅಧಿಕಾರಕ್ಕೆ ಒಳಪಡುತ್ತೇನೆ ಎಂಬ ಒಪ್ಪಿಗೆಯೂ ಅದರಲ್ಲಿ ಸೇರಿದೆ. ಊರಿನ ಹೊಳೆ, ಹಳೆ ಕಾರ್ಖಾನೆ, ಮಳೆಗೆ ತುಂಬುವ ತಗ್ಗು ಯಾವುದು ಎಂದು ಬಲ್ಲವರೇ ಹೊಣೆ ಹೊರಬೇಕು ಎಂಬುದು ನನಗೆ ಸರಿಯೆನಿಸುವ ವ್ಯವಸ್ಥೆ.

ಇನ್ನು ಫೈಲಿನ ಮೊದಲ ಪ್ರಶ್ನೆ: ಇದು ಎಂಥ ಕೆಲಸ? ಉತ್ತರಕ್ಕೆ ತಕ್ಕಂತೆ ದಾರಿ ಗಿಡ್ಡವೋ ಉದ್ದವೋ ಆಗುತ್ತದೆ. ಅತಿ ಹಗುರವಾದ ಗುಂಪಿನಲ್ಲಿ ನಿರ್ವಹಣೆ ಕೆಲಸಗಳಿವೆ. ನಿರ್ವಹಣೆ ಎಲ್ಲಿ ಮುಗಿದು ನವೀಕರಣ ಎಲ್ಲಿ ಶುರು ಎಂಬ ಗೊಂದಲ ಎಷ್ಟಿತ್ತೆಂದರೆ, 2016ರಲ್ಲಿ ಹಡ್ ಇದಕ್ಕಾಗಿಯೇ ಒಂದು ಮಾರ್ಗಸೂಚಿ ಹೊರಡಿಸಿತು. ಸೋರುವ ಜಾಗಕ್ಕೆ ತೇಪೆ ಹಾಕಿದರೆ, ಕಳಚಿದ ನಾಲ್ಕು ಹಲಗೆಗಳನ್ನು ಅದೇ ಬಗೆಯವುಗಳಿಂದ ಬದಲಿಸಿದರೆ ಅದು ನಿರ್ವಹಣೆ. ಛಾವಣಿಯನ್ನೇ ಹೊಸದಾಗಿ ಹಾಕಿದರೆ ನವೀಕರಣ. ಒಡೆದ ಕಿಟಕಿ ಗಾಜು ಕೂರಿಸುವುದು ನಿರ್ವಹಣೆ, ಕಿಟಕಿಗಳನ್ನೆಲ್ಲ ಕಿತ್ತು ಹೊಸದಿಡುವುದು ನವೀಕರಣ. ಶಾಖ ಯಂತ್ರದ ಫಿಲ್ಟರ್ ಬದಲಿಸುವುದು ಮೊದಲನೆಯದಕ್ಕೆ ಸೇರಿದರೆ, ಹೊಸ ಯಂತ್ರ ಕೂರಿಸುವುದು ಎರಡನೆಯದಕ್ಕೆ. ಬಿರುಗಾಳಿಗೆ ಛಾವಣಿ ಹಾರಿಹೋಗಿ ಜನರ ಸುರಕ್ಷತೆಗೇ ಕುತ್ತು ಬಂದಿದ್ದರೆ ಅದು ಬೇರೆಯೇ ಮಾತು. ವಿಕೋಪದ ಹಾನಿಯನ್ನು ತಡೆಯಲು ಎಷ್ಟು ಬೇಕೋ ಅಷ್ಟೇ ದುರಸ್ತಿ ಮಾಡಿದರೆ ಈ ಪರಿಶೀಲನೆಯ ಬಹುಪಾಲಿನಿಂದ ವಿನಾಯಿತಿ ಇದೆ.

ನವೀಕರಣ ಎಂದಾದರೂ ಹೆದರಬೇಕಿಲ್ಲ. ಪರಿಸರದ ಮೇಲೆ ಸಾಮಾನ್ಯವಾಗಿ ದೊಡ್ಡ ಪರಿಣಾಮ ಬೀರದ ಕೆಲಸಗಳನ್ನು ಮೊದಲೇ ಪಟ್ಟಿ ಮಾಡಿ, ಪೂರ್ಣ ಅಧ್ಯಯನದಿಂದ ಹೊರಗಿಡಲಾಗಿದೆ. ಇದನ್ನೇ ಕಚೇರಿಗಳಲ್ಲಿ ‘ಕ್ಯಾಟಗರಿಕಲ್ ಎಕ್ಸ್‌ಕ್ಲೂಷನ್’ ಎನ್ನುವುದು, ವರ್ಗವಾರು ವಿನಾಯಿತಿ. ಒಂದರಿಂದ ನಾಲ್ಕು ಸಂಸಾರಗಳ ಮನೆಯಾದರೆ, ದುರಸ್ತಿಯ ನಂತರವೂ ನಾಲ್ಕು ವಾಸದ ಘಟಕಗಳನ್ನು ಮೀರಬಾರದು, ಜಾಗದ ಬಳಕೆ ಬದಲಾಗಬಾರದು. ದೊಡ್ಡ ವಸತಿ ಸಮುಚ್ಚಯವಾದರೆ ಮೂರು ಷರತ್ತುಗಳು: ಘಟಕಗಳ ಸಂಖ್ಯೆ ಶೇ. 20ಕ್ಕಿಂತ ಹೆಚ್ಚು ಏರುಪೇರಾಗಬಾರದು, ವಾಸದ ಕಟ್ಟಡ ಬೇರೆ ಬಳಕೆಗೆ ತಿರುಗಬಾರದು, ದುರಸ್ತಿಯ ಅಂದಾಜು ಖರ್ಚು ಅಂಥದೇ ಕಟ್ಟಡವನ್ನು ಹೊಸದಾಗಿ ಕಟ್ಟುವ ಖರ್ಚಿನ ಶೇ. 75ಕ್ಕಿಂತ ಕಡಿಮೆ ಇರಬೇಕು. ಸಮುದಾಯ ಭವನ, ಕಚೇರಿಗಳಂಥ ಕಟ್ಟಡಗಳಿಗೂ ಗಾತ್ರ ಅಥವಾ ಸಾಮರ್ಥ್ಯದಲ್ಲಿ ಅದೇ ಶೇ. 20ರ ಮಿತಿ ಇದೆ. ಈ ಗೆರೆ ದಾಟಿದರೆ ಪೂರ್ಣ ಪರಿಸರ ಮೌಲ್ಯಮಾಪನ ಬರೆಯಬೇಕಾಗುತ್ತದೆ.

ವಿನಾಯಿತಿ ಸಿಕ್ಕಿತೆಂದು ಫೈಲು ಮುಚ್ಚುವಂತಿಲ್ಲ. ಎರಡನೆಯ ಪ್ರಶ್ನೆ ಉಳಿದಿದೆ: ಕಟ್ಟಡ ಎಲ್ಲಿದೆ? ಕೆಲಸ ಚಿಕ್ಕದಾದ ಮಾತ್ರಕ್ಕೆ ಜಾಗದ ಅಪಾಯ ಚಿಕ್ಕದಾಗುವುದಿಲ್ಲ. ಆದ್ದರಿಂದ ಪ್ರವಾಹ, ಜೌಗು ಭೂಮಿ, ಕರಾವಳಿ, ಕುಡಿಯುವ ನೀರಿನ ಅಂತರ್ಜಲ, ಅಳಿವಿನಂಚಿನ ಜೀವಿಗಳು, ಪಾರಂಪರಿಕ ಕಟ್ಟಡ, ಶಬ್ದ, ವಿಷಕಾರಿ ಮಣ್ಣು ಇವುಗಳಿಗೆ ಸಂಬಂಧಿಸಿದ ಬೇರೆ ಬೇರೆ ಕಾನೂನುಗಳನ್ನು ಒಂದೊಂದಾಗಿ ತಾಳೆ ನೋಡಬೇಕು. ಕೆಲವಕ್ಕೆ ಒಂದು ನಕ್ಷೆ ನೋಡಿದರೆ ಸಾಕು. ಪ್ರವಾಹದ ನಕ್ಷೆಯಲ್ಲಿ ಮನೆ ವಿಶೇಷ ಅಪಾಯದ ವಲಯದೊಳಗಿದ್ದರೆ, 1973ರ ಕಾಯ್ದೆಯಂತೆ ಪ್ರವಾಹ ವಿಮೆ ಮಾಡಿಸದೆ ಹಣ ಕೊಡುವಂತಿಲ್ಲ. ನಮ್ಮ ಅಜ್ಜಿಗೆ ಛಾವಣಿ ಉಚಿತವಾಗಿ ಸಿಕ್ಕರೂ ವಿಮೆಯ ಕಂತು ವರ್ಷವರ್ಷವೂ ಬರುತ್ತದೆ. ಅದನ್ನು ಅವರಿಗೆ ಮೊದಲ ದಿನವೇ ಬಿಡಿಸಿ ಹೇಳುವುದು ಕಚೇರಿಯವರ ಕರ್ತವ್ಯ ಎಂದು ನಾನು ನಂಬುತ್ತೇನೆ.

ಕಿಟಕಿಯ ವಿಷಯ ಸ್ವಲ್ಪ ಹತ್ತಿರದಿಂದ ನೋಡಬೇಕು. 1966ರ ಪಾರಂಪರಿಕ ಸಂರಕ್ಷಣಾ ಕಾಯ್ದೆಯ 106ನೇ ಕಲಮಿನಂತೆ, ಹಳೆಯ ಕಟ್ಟಡದ ಮೇಲೆ ಕೈಯಿಡುವ ಮುನ್ನ ರಾಜ್ಯದ ಪಾರಂಪರಿಕ ಸಂರಕ್ಷಣಾ ಅಧಿಕಾರಿಯನ್ನು ಕೇಳಬೇಕು. ಸಾಮಾನ್ಯವಾಗಿ 50 ವರ್ಷ ದಾಟಿದ ಕಟ್ಟಡಗಳು ಈ ಗಮನಕ್ಕೆ ಬರುತ್ತವೆ. ಅವರ ಉತ್ತರಕ್ಕೆ 30 ದಿನ. ಅಜ್ಜಿಯ ಮನೆ ಪಾರಂಪರಿಕ ಬೀದಿಯಲ್ಲಿದ್ದು, ಮರದ ಚೌಕಟ್ಟಿನ ಹಳೆ ಕಿಟಕಿಗಳನ್ನು ಕಿತ್ತು ಪ್ಲಾಸ್ಟಿಕ್ ಚೌಕಟ್ಟಿನವನ್ನು ಹಾಕಲು ಹೊರಟರೆ, ‘ಬದಲಿಸಬೇಡಿ, ಸರಿಪಡಿಸಿ’ ಎಂಬ ಉತ್ತರ ಬಂದೀತು. ಆದರೆ ಅದೇ ಕಿಟಕಿಗೆ ಇನ್ನೊಂದು ಮುಖವಿದೆ. ಅಮೆರಿಕದಲ್ಲಿ ಮನೆಗಳಿಗೆ ಸೀಸದ ಬಣ್ಣ ಬಳಿಯುವುದನ್ನು ನಿಷೇಧಿಸಿದ್ದು 1978ರಲ್ಲಿ. ಅದಕ್ಕೂ ಹಿಂದಿನ ಮನೆಯಲ್ಲಿ ಕಿಟಕಿಯ ಪಟ್ಟಿ ಮೇಲೆ ಕೆಳಗೆ ಸರಿದಾಗಲೆಲ್ಲ ಬಣ್ಣ ಉಜ್ಜಿ ಸೀಸದ ಧೂಳು ಉದುರುತ್ತದೆ. ತೆವಳುವ ಮಗುವಿನ ಕೈಗೆ ಅಂಟುವುದು ಅದೇ. ಸೀಸದ ನಿಯಮಗಳು ಈ ಪರಿಶೀಲನೆಯಿಂದ ಬೇರೆಯಾದರೂ ಕೆಲಸದ ಜಾಗದಲ್ಲಿ ಎರಡೂ ಒಟ್ಟಿಗೆ ಎದುರಾಗುತ್ತವೆ. ಮರವನ್ನೂ ಉಳಿಸಿ ಧೂಳನ್ನೂ ತಡೆಯುವ ದಾರಿಯನ್ನು ಟೆಂಡರಿಗೆ ಮುಂಚೆಯೇ ಗೊತ್ತುಮಾಡಿಕೊಳ್ಳದಿದ್ದರೆ ಆಮೇಲೆ ಖರ್ಚು ಏರುತ್ತದೆ.

ಕಾಲ ಕೆಳಗಿನ ಮಣ್ಣಿನ ಪ್ರಶ್ನೆಯನ್ನು ಏಕೆ ಬಿಡಬಾರದು ಎಂಬುದಕ್ಕೆ ಇಂಡಿಯಾನಾ ರಾಜ್ಯದ ಈಸ್ಟ್ ಶಿಕಾಗೊ ಊರು ಸಾಕ್ಷಿ. ಅಲ್ಲಿನ ವೆಸ್ಟ್ ಕ್ಯಾಲುಮೆಟ್ ಎಂಬ ಸರ್ಕಾರಿ ವಸತಿ ಸಮುಚ್ಚಯ ತಲೆಯೆತ್ತಿದ್ದು ಹಿಂದೆ ಸೀಸ ಸಂಸ್ಕರಣೆ ನಡೆದಿದ್ದ ಜಾಗದಲ್ಲಿ. 2009ರಲ್ಲಿ ಆ ಪ್ರದೇಶ ಕೇಂದ್ರದ ಅತಿ ಮಲಿನ ತಾಣಗಳ ಪಟ್ಟಿ ಸೇರಿತು. 2016ರಲ್ಲಿ, ಮಣ್ಣಿನಲ್ಲಿ ಸೀಸ ಮಿತಿಮೀರಿದೆ, ಮನೆ ಬಿಡಿ ಎಂದು ಸಾವಿರಕ್ಕೂ ಹೆಚ್ಚು ನಿವಾಸಿಗಳಿಗೆ ಹೇಳಲಾಯಿತು. ಅವರಲ್ಲಿ ನೂರಾರು ಮಕ್ಕಳಿದ್ದರು. ಅಂಥ ಕಟ್ಟಡಕ್ಕೆ ಎಷ್ಟು ಚೆಂದದ ಅಡುಗೆಮನೆ ಹಾಕಿಸಿದರೂ ಏನು ಬಂತು? ಐದು ಅಥವಾ ಹೆಚ್ಚು ಘಟಕಗಳ ಕಟ್ಟಡವಾದರೆ ಆ ಜಾಗದಲ್ಲಿ ಹಿಂದೆ ಏನಿತ್ತು ಎಂದು ಕೆದಕಿ ನೋಡಲೇಬೇಕು ಎಂಬ ನಿಯಮವನ್ನು ನಾನು ಕಾಗದದ ಹೊರೆ ಎನ್ನಲಾರೆ.

ಎಲ್ಲ ತಾಳೆ ನೋಡಿದ ಮೇಲೆ, ಯಾವ ಕಾನೂನಿನಡಿಯೂ ಮುಂದಿನ ಸಮಾಲೋಚನೆಯಾಗಲಿ ಪರಿಹಾರ ಕ್ರಮವಾಗಲಿ ಬೇಕಿಲ್ಲ ಎಂದು ಖಚಿತವಾದರೆ, ಆ ಯೋಜನೆ ಪೂರ್ಣ ವಿನಾಯಿತಿಯ ಗುಂಪಿಗೆ ಇಳಿಯುತ್ತದೆ. ನೋಟಿಸ್ ಇಲ್ಲ, ಕಾಯುವಿಕೆ ಇಲ್ಲ. ಏನಾದರೂ ಬೇಕಾದರೆ ಮಾತ್ರ ಸಾರ್ವಜನಿಕ ನೋಟಿಸ್ ಹೊರಡುತ್ತದೆ. ಪತ್ರಿಕೆಯಲ್ಲಿ ಪ್ರಕಟಿಸಿದರೆ 7 ದಿನ, ಫಲಕಗಳಲ್ಲಿ ಅಂಟಿಸಿದರೆ 10 ದಿನ ಜನರ ಅಭಿಪ್ರಾಯಕ್ಕೆ ಕಾಯಬೇಕು. ಆಮೇಲೆ ಹಣ ಬಿಡುಗಡೆ ಕೋರಿ ಹಡ್‌ಗೆ ಮನವಿ. ಅಲ್ಲಿ ಆಕ್ಷೇಪಣೆಗೆ 15 ದಿನ.

ಒಂದೇ ನಗರದಲ್ಲಿ ನೂರು ಮನೆಗಳ ದುರಸ್ತಿಯಿದ್ದರೆ ನೂರು ಸಲ ಇಷ್ಟೆಲ್ಲ ಮಾಡಬೇಕೇ? ಬೇಡ. ಎರಡು ಹಂತದ ಪರಿಶೀಲನೆಗೆ ಅವಕಾಶವಿದೆ, ನನ್ನ ದೃಷ್ಟಿಯಲ್ಲಿ ಇಡೀ ವ್ಯವಸ್ಥೆಯ ಜಾಣತನ ಇರುವುದು ಇಲ್ಲೇ. ಕರಾವಳಿ ವಲಯ, ರಕ್ಷಿತ ನದಿ, ಕೃಷಿ ಭೂಮಿ, ಗಾಳಿಯ ಗುಣಮಟ್ಟ ಇಂಥವಕ್ಕೆ ಇಡೀ ನಗರಕ್ಕೆ ಒಂದೇ ಉತ್ತರವಿರುತ್ತದೆ. ಅದನ್ನು ಮೊದಲ ಹಂತದಲ್ಲಿ ಒಮ್ಮೆ ಬರೆದು ಮುಗಿಸುತ್ತಾರೆ. ಈ ಹಂತಕ್ಕೇ ನೋಟಿಸ್, ಈ ಹಂತಕ್ಕೇ ಹಣ ಬಿಡುಗಡೆಯ ಮನವಿ. ಐದು ವರ್ಷದವರೆಗಿನ ಕಾರ್ಯಕ್ರಮಕ್ಕೂ ಇದನ್ನು ಬಳಸಬಹುದು. ಮನೆಯ ವಿಳಾಸ ಗೊತ್ತಾದ ಮೇಲೆ ಎರಡನೆಯ ಹಂತದಲ್ಲಿ ಆ ವಿಳಾಸಕ್ಕಷ್ಟೇ ಸೇರಿದ ಪ್ರಶ್ನೆಗಳು: ಪ್ರವಾಹದ ನಕ್ಷೆ, ಮನೆಯ ವಯಸ್ಸು, ಮಣ್ಣು. ಇದರ ಜೊತೆಗೆ ನಗರಸಭೆ ಪಾರಂಪರಿಕ ಅಧಿಕಾರಿಯೊಂದಿಗೆ ಮೊದಲೇ ಒಪ್ಪಂದ ಮಾಡಿಕೊಂಡು, ಕೊಳಾಯಿ, ವಿದ್ಯುತ್ ತಂತಿಯಂಥ ಒಳಗಿನ ಕೆಲಸಗಳಿಗೆ ಪ್ರತಿಸಲ 30 ದಿನ ಕಾಯುವುದನ್ನೂ ತಪ್ಪಿಸಿಕೊಳ್ಳಬಹುದು.

ಆದರೆ ಯೋಜನೆಗಳು ಮುಗ್ಗರಿಸುವುದು ಹೆಚ್ಚಾಗಿ ಈ ಪ್ರಶ್ನೆಗಳಲ್ಲಲ್ಲ, ಅನುಕ್ರಮದಲ್ಲಿ. ಪರಿಶೀಲನೆ ಮುಗಿಯುವ ಮುನ್ನ ಬದಲಿ ಆಯ್ಕೆಗಳನ್ನು ಕಟ್ಟಿಹಾಕುವ ಯಾವ ಹೆಜ್ಜೆಯನ್ನೂ ಇಡುವಂತಿಲ್ಲ. ಕಾಮಗಾರಿಯ ಕರಾರಿಗೆ ಸಹಿ, ಜಾಗದ ಖರೀದಿ, ಗೋಡೆ ಒಡೆಯುವುದು ಎಲ್ಲವೂ ಅದರಲ್ಲಿ ಬರುತ್ತವೆ. ‘ಸರ್ಕಾರದ ದುಡ್ಡು ಮುಟ್ಟಿಲ್ಲ, ಸಂಸ್ಥೆಯ ಸ್ವಂತ ದುಡ್ಡಿನಲ್ಲಿ ಶುರುಮಾಡಿದೆವು’ ಎಂಬ ಸಮಜಾಯಿಷಿ ನಡೆಯುವುದಿಲ್ಲ. ಅನುದಾನಕ್ಕೆ ಅರ್ಜಿ ಹಾಕಿದ ಮೇಲೆ ನಿರ್ಬಂಧ ಎಲ್ಲ ಹಣಕ್ಕೂ ಅನ್ವಯ. ಒಳ್ಳೆಯ ಉದ್ದೇಶದ ಸಣ್ಣ ಸಂಸ್ಥೆಗಳು ಆತುರಕ್ಕೆ ಬಿದ್ದು ಅನುದಾನ ಕಳೆದುಕೊಳ್ಳುವುದು ಇಲ್ಲೇ. ಅಲ್ಲಿನ ನಗರ ಸಮಿತಿಗಳಲ್ಲಿ, ಸೇವಾ ಸಂಸ್ಥೆಗಳ ಆಡಳಿತ ಮಂಡಳಿಗಳಲ್ಲಿ ಕೆಲಸ ಮಾಡುವ ಕನ್ನಡಿಗರು ಗುತ್ತಿಗೆದಾರನನ್ನು ಕರೆಯುವ ಮೊದಲು ನಗರಸಭೆಯ ಪರಿಸರ ವಿಭಾಗಕ್ಕೆ ಫೋನ್ ಮಾಡಲಿ.

ಈಚೆಗೆ ಈ ಕ್ಷೇತ್ರದಲ್ಲಿ ಬದಲಾವಣೆಯ ಗಾಳಿ ಜೋರಾಗಿದೆ. 2025ರ ಮೇನಲ್ಲಿ ಅಮೆರಿಕದ ಸುಪ್ರೀಂ ಕೋರ್ಟು, ಪರಿಸರ ಅಧ್ಯಯನ ಎಷ್ಟು ದೂರ ಹೋಗಬೇಕೆಂಬ ವಿಷಯದಲ್ಲಿ ಇಲಾಖೆಗಳ ವಿವೇಚನೆಗೆ ಹೆಚ್ಚು ಬೆಲೆ ಕೊಟ್ಟು ತೀರ್ಪು ನೀಡಿತು. ಅದೇ ವರ್ಷದ ಜನವರಿಯಲ್ಲಿ, ಬಡವರ ಮತ್ತು ಅಲ್ಪಸಂಖ್ಯಾತರ ಬಡಾವಣೆಗಳ ಮೇಲೆ ಮಾಲಿನ್ಯದ ಭಾರ ಹೆಚ್ಚು ಬೀಳುತ್ತಿದೆಯೇ ಎಂದು ನೋಡಲು ಹೇಳುತ್ತಿದ್ದ 1994ರ ಆದೇಶ ರದ್ದಾಯಿತು. ಈಸ್ಟ್ ಶಿಕಾಗೊದ ಆ ಮಕ್ಕಳನ್ನು ನೆನೆದಾಗ ಇದು ನನಗೆ ನೋವಿನ ಸಂಗತಿ. ಪ್ರವಾಹ ವಿಮೆ, ಪಾರಂಪರಿಕ ಕಟ್ಟಡ, ಅಳಿವಿನಂಚಿನ ಜೀವಿಗಳ ಕಾನೂನುಗಳು ಮಾತ್ರ ಸಂಸತ್ತು ಮಾಡಿದ ಪ್ರತ್ಯೇಕ ಕಾಯ್ದೆಗಳು. ಒಂದು ಆದೇಶ ಹೋದ ಮಾತ್ರಕ್ಕೆ ಅವು ಹೋಗುವುದಿಲ್ಲ.

ಹಡ್ ತನ್ನ 15 ದಿನಗಳಲ್ಲಿ ಸ್ವೀಕರಿಸುವ ಆಕ್ಷೇಪಣೆಗಳೂ ಸೀಮಿತ. ಸಹಿ ಹಾಕಬೇಕಾದ ಅಧಿಕಾರಿ ಹಾಕಿಲ್ಲ, ಒಂದು ಹಂತ ಬಿಟ್ಟುಹೋಗಿದೆ, ಅನುಮತಿಗೆ ಮುಂಚೆಯೇ ಹಣ ತೊಡಗಿಸಿದ್ದಾರೆ ಎಂಬಂಥ ಕಾರ್ಯವಿಧಾನದ ಲೋಪಗಳನ್ನಷ್ಟೇ ಅಲ್ಲಿ ಎತ್ತಬಹುದು. ಕಿಟಕಿಯ ಬಗ್ಗೆಯೋ ಮಣ್ಣಿನ ಬಗ್ಗೆಯೋ ಹೇಳುವುದಿದ್ದವರು ನಗರಸಭೆಯ ನೋಟಿಸಿನ ಅವಧಿಯಲ್ಲೇ ಬರೆದುಕೊಡಬೇಕು. ಇಡೀ ಫೈಲು ಸಾರ್ವಜನಿಕ ದಾಖಲೆ. ನೆರೆಹೊರೆಯವರು, ಬಾಡಿಗೆದಾರರು, ಯಾರು ಬೇಕಾದರೂ ಕಚೇರಿಗೆ ಹೋಗಿ ಅದನ್ನು ಕೇಳಿ ಓದಬಹುದು.