ಮುಪ್ಪಿನಲ್ಲಿ ಬೀಳದಿರಲು ಕಾಲಿಗೆ ಬಲ ಬೇಕು

ಹಿಂದೂಪುರ, ಕಲ್ಯಾಣದುರ್ಗ ಸೀಮೆಯ ಒಕ್ಕಲು ಮನೆಗಳಲ್ಲಿ ಅಜ್ಜ ಅಜ್ಜಿಯರು ಸುಮ್ಮನೆ ಕೂರುವವರಲ್ಲ. ಕಡಲೆಕಾಯಿ ಬಿಡಿಸುವುದು, ದನಕ್ಕೆ ಮೇವು ಹಾಕುವುದು, ರೇಷ್ಮೆ ಹುಳುವಿಗೆ ಸೊಪ್ಪು ಕೊಡುವುದು, ಮೊಮ್ಮಕ್ಕಳನ್ನು ನೋಡಿಕೊಳ್ಳುವುದು, ಇವೆಲ್ಲ ಅವರ ಪಾಲಿನ ಕೆಲಸ. ಇಂಥ ಹಿರಿಯರು ಒಂದು ರಾತ್ರಿ ಮೂತ್ರಕ್ಕೆಂದು ಎದ್ದು, ಹೊಸ್ತಿಲು ಎಡವಿ ಬಿದ್ದು ಸೊಂಟದ ಮೂಳೆ ಮುರಿದುಕೊಂಡರೆ ಇಡೀ ಮನೆಯ ಕೆಲಸವೇ ನಿಲ್ಲುತ್ತದೆ. ಒಬ್ಬರು ಆಸ್ಪತ್ರೆಯಲ್ಲಿ ಕಾದಿರಬೇಕು. ಬಿತ್ತನೆಗೆಂದು ಕೂಡಿಟ್ಟ ಹಣ ಖರ್ಚಾಗುತ್ತದೆ. ಓಡಾಡಿಕೊಂಡಿದ್ದವರು ಹಾಸಿಗೆ ಹಿಡಿಯುತ್ತಾರೆ.

"ವಯಸ್ಸಾದ ಮೇಲೆ ಬೀಳುವುದು ಇದ್ದದ್ದೇ" ಎಂದು ನಾವು ಸುಮ್ಮನಾಗುವುದುಂಟು. ಇದು ಸರಿಯಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಂತೆ ಜಗತ್ತಿನಲ್ಲಿ ವರ್ಷಕ್ಕೆ ಸುಮಾರು 6,84,000 ಮಂದಿ ಬಿದ್ದು ಸಾಯುತ್ತಾರೆ. ಅವರಲ್ಲಿ 60 ದಾಟಿದವರೇ ಹೆಚ್ಚು. ಆದರೆ ಬೀಳುವುದನ್ನು ಎಷ್ಟೋ ಮಟ್ಟಿಗೆ ತಡೆಯಬಹುದು.

ಬೀಳುವುದು ಏಕೆ?

ನಾವು ನೆಟ್ಟಗೆ ನಿಲ್ಲಲು ಕಣ್ಣು, ಒಳಕಿವಿ ಮತ್ತು ಪಾದದ ಸ್ಪರ್ಶ ಮೂರೂ ನೆರವಾಗುತ್ತವೆ. ಕಣ್ಣಿಗೆ ಪೊರೆ ಬಂದರೆ ಮೆಟ್ಟಿಲು ಕಾಣುವುದಿಲ್ಲ. ಸಕ್ಕರೆ ಕಾಯಿಲೆಯಿಂದ ಪಾದ ಜೋಮು ಹಿಡಿದರೆ ನೆಲ ತಿಳಿಯುವುದಿಲ್ಲ. ಬಿ.ಪಿ. ಮಾತ್ರೆ, ನಿದ್ರೆ ಮಾತ್ರೆಗಳಿಂದ ಎದ್ದ ಕೂಡಲೇ ತಲೆ ಸುತ್ತಬಹುದು. ನಮ್ಮ ಸೀಮೆಯ ಹಲವು ಊರುಗಳ ಬೋರ್ ನೀರಿನಲ್ಲಿ ಫ್ಲೋರೈಡ್ ಹೆಚ್ಚು. ಅದನ್ನು ವರ್ಷಗಟ್ಟಲೆ ಕುಡಿದವರ ಬೆನ್ನು, ಮಂಡಿ ಬಿಗಿಯುತ್ತವೆ. ಕುಡಿಯುವ ನೀರಿನ ಒಂದು ಲೀಟರಿನಲ್ಲಿ ಫ್ಲೋರೈಡ್ 1.5 ಮಿಲಿಗ್ರಾಂ ಮೀರಬಾರದು. ಇವೆಲ್ಲದರ ಜೊತೆಗೆ ವಯಸ್ಸಾದಂತೆ ತೊಡೆ ಮತ್ತು ಮೀನಖಂಡದ ಮಾಂಸ ಕರಗುತ್ತದೆ. ಕಾಲಿನ ಈ ಬಲವನ್ನು ವ್ಯಾಯಾಮದಿಂದ ಮತ್ತೆ ಗಳಿಸಬಹುದು.

ನ್ಯೂಜಿಲೆಂಡಿನ ಒಟಾಗೊ ವಿಶ್ವವಿದ್ಯಾಲಯದವರು 80 ವರ್ಷ ದಾಟಿದ 233 ಹೆಂಗಸರನ್ನು ಎರಡು ಗುಂಪು ಮಾಡಿ, ಒಂದು ಗುಂಪಿಗೆ ಮನೆಯಲ್ಲೇ ಮಾಡುವ ವ್ಯಾಯಾಮ ಕಲಿಸಿದರು. ಫಲಿತಾಂಶ ಪ್ರಕಟವಾದದ್ದು 1997ರಲ್ಲಿ. ಒಂದು ವರ್ಷದಲ್ಲಿ ವ್ಯಾಯಾಮ ಮಾಡಿದ ಗುಂಪಿನವರು ಒಟ್ಟು 88 ಸಲ ಬಿದ್ದರೆ, ಇನ್ನೊಂದು ಗುಂಪಿನವರು 152 ಸಲ ಬಿದ್ದರು. ಹಲವು ದೇಶಗಳ ಇಂಥ ಅಧ್ಯಯನಗಳನ್ನು 2019ರಲ್ಲಿ ಒಟ್ಟುಗೂಡಿಸಿ ನೋಡಿದಾಗ, ವ್ಯಾಯಾಮದಿಂದ ಬೀಳುವುದು ನೂರಕ್ಕೆ 23ರಷ್ಟು ಕಡಿಮೆಯಾಗುವುದು ಕಂಡುಬಂತು.

"ಹೊಲದಲ್ಲಿ ದುಡಿದವರಿಗೆ ವ್ಯಾಯಾಮವೇಕೆ?" ಎಂದು ಕೇಳಬಹುದು. ಬಗ್ಗಿ ಕಳೆ ಕೀಳುವುದು ದುಡಿಮೆ ನಿಜ, ಆದರೆ ಸಮತೋಲಕ್ಕೆ ಬೇರೆಯೇ ಅಭ್ಯಾಸ ಬೇಕು. ಬರೀ ನಡೆದಾಟವೂ ಸಾಲದು.

ಮಾಡಬೇಕಾದ ವ್ಯಾಯಾಮ

1. ಗಟ್ಟಿ ಕುರ್ಚಿಯಲ್ಲಿ ಕುಳಿತು, ಆದಷ್ಟು ಕೈ ಊರದೆ ನಿಧಾನವಾಗಿ ಎದ್ದು ಮತ್ತೆ ಕೂರುವುದು. ಮೊದಲು 5 ಸಲ, ಬರಬರುತ್ತಾ 10 ಸಲ.

2. ಕಿಟಕಿಯ ಸರಳು ಹಿಡಿದು, ಹಿಮ್ಮಡಿ ಎತ್ತಿ ಬೆರಳ ಮೇಲೆ ನಿಲ್ಲುವುದು. ಆಮೇಲೆ ಬೆರಳೆತ್ತಿ ಹಿಮ್ಮಡಿಯ ಮೇಲೆ ನಿಲ್ಲುವುದು.

3. ಕಂಬ ಹಿಡಿದು ಒಂದೇ ಕಾಲಿನ ಮೇಲೆ 10 ಎಣಿಸುವವರೆಗೆ ನಿಲ್ಲುವುದು. ನಂತರ ಕಾಲು ಬದಲಿಸುವುದು.

4. ಗೋಡೆಯ ಪಕ್ಕ, ಒಂದು ಪಾದದ ಹಿಮ್ಮಡಿ ಇನ್ನೊಂದರ ಬೆರಳಿಗೆ ತಾಗುವಂತೆ ಹೆಜ್ಜೆ ಇಟ್ಟು 10 ಹೆಜ್ಜೆ ನಡೆಯುವುದು.

5. ಗೋಡೆಗೆ ಮುಖ ಮಾಡಿ, ಅಡ್ಡಡ್ಡ ಹೆಜ್ಜೆ ಇಟ್ಟು ನಡೆಯುವುದು.

ಇವನ್ನು ವಾರಕ್ಕೆ ಮೂರು ದಿನ, ಅರ್ಧ ಗಂಟೆ ಮಾಡಿ, ಉಳಿದ ದಿನಗಳಲ್ಲಿ ನಡೆದಾಡಬೇಕು. ಮೊದಲ ದಿನಗಳಲ್ಲಿ ಮಗನೋ ಸೊಸೆಯೋ ಪಕ್ಕದಲ್ಲಿರಲಿ. ಎದೆನೋವು, ತಲೆಸುತ್ತು ಬಂದರೆ ನಿಲ್ಲಿಸಬೇಕು. ಹೃದಯದ ಕಾಯಿಲೆ ಇರುವವರು, ಈ ಹಿಂದೆ ಬಿದ್ದವರು ವೈದ್ಯರನ್ನು ಕೇಳಿಯೇ ಆರಂಭಿಸಬೇಕು. ಬಿಟ್ಟರೆ ಗಳಿಸಿದ ಬಲ ಮತ್ತೆ ಇಳಿಯುತ್ತದೆ.

ಮನೆಯವರ ಗಮನಕ್ಕೆ

ಹಿರಿಯರು ಮಲಗುವ ಕಡೆಯಿಂದ ಬಚ್ಚಲಿನವರೆಗೆ ರಾತ್ರಿ ದೀಪವಿರಲಿ. ಬಚ್ಚಲಿನ ಪಾಚಿ ಉಜ್ಜಿ, ಗೋಡೆಗೆ ಹಿಡಿಕೆ ಹಾಕಿಸಿ. ಸಗಣಿ ನೀರು ನಿಂತ ಕೊಟ್ಟಿಗೆಗೆ ಅವರನ್ನು ಕಳಿಸಬೇಡಿ. ಸವೆದ ಹವಾಯಿ ಚಪ್ಪಲಿ ಬಿಡಿಸಿ, ಹಿಂದೆ ಪಟ್ಟಿ ಇರುವ ಚಪ್ಪಲಿ ಕೊಡಿಸಿ. ವರ್ಷಕ್ಕೊಮ್ಮೆ ಕಣ್ಣು ತೋರಿಸಿ.

ಬಿದ್ದವರನ್ನು ಗಾಬರಿಯಿಂದ ರೆಟ್ಟೆ ಹಿಡಿದು ಎಳೆದೆಬ್ಬಿಸಬೇಡಿ. ಒಂದು ಕಾಲು ಗಿಡ್ಡವಾಗಿ, ಪಾದ ಹೊರಕ್ಕೆ ತಿರುಗಿದ್ದರೆ ಸೊಂಟದ ಬಳಿ ಮೂಳೆ ಮುರಿದಿರಬಹುದು. ಎಣ್ಣೆ ನೀವಿ, ನಾಟಿ ಕಟ್ಟು ಹಾಕಿಸಿ ದಿನ ಕಳೆಯದೆ 108ಕ್ಕೆ ಫೋನು ಮಾಡಿ. ಈ ಮುರಿತಕ್ಕೆ ಸಾಮಾನ್ಯವಾಗಿ ಆಪರೇಷನ್ ಬೇಕಾಗುತ್ತದೆ. ತಡವಾದಷ್ಟೂ ಅಪಾಯ ಹೆಚ್ಚು.

ಒಮ್ಮೆ ಬಿದ್ದವರು ಹೆದರಿ ಮೂಲೆಯಲ್ಲಿ ಕೂತರೆ ಕಾಲು ಇನ್ನೂ ಸೊರಗಿ ಮತ್ತೆ ಬೀಳುವಂತಾಗುತ್ತದೆ. "ಸುಮ್ಮನೆ ಕೂತ್ಕೋ ಅಜ್ಜಿ" ಎನ್ನುವುದಕ್ಕಿಂತ "ಬಾ ಅಜ್ಜಿ, ಕಂಬ ಹಿಡ್ಕೊ, ನಾನೂ ನಿಂತ್ಕೋತೀನಿ" ಎಂದು ಮೊಮ್ಮಕ್ಕಳು ಕರೆದರೆ ಒಳ್ಳೆಯದು. ಇವತ್ತು ಸಂಜೆಯೇ ಆರಂಭಿಸಿ.