ಸೊಪ್ಪಿಲ್ಲದ ಊಟಕ್ಕೆ ರೇಷ್ಮೆ ಹುಳು ಒಪ್ಪಿದ ಬಗೆ

ರೇಷ್ಮೆ ಹುಳು ತಿನ್ನುವುದು ಹಿಪ್ಪುನೇರಳೆ ಸೊಪ್ಪನ್ನು ಮಾತ್ರ. ಹೊಟ್ಟೆ ಹಸಿದಿದ್ದರೂ ಮುಂದಿಟ್ಟ ಬೇರೆ ಎಲೆಯನ್ನು ಅದು ಮೂಸಿ, ಮುಟ್ಟಿ, ತಲೆ ತಿರುಗಿಸಿಬಿಡುತ್ತದೆ. ರೇಷ್ಮೆ ಕೃಷಿಯ ಲೆಕ್ಕಾಚಾರವೆಲ್ಲ ನಿಂತಿರುವುದು ಈ ಹಟದ ಮೇಲೆ. ತೋಟ ಚಿಗುರಿದಾಗ ಮೊಟ್ಟೆ ತರಬೇಕು, ಸೊಪ್ಪು ಸಾಲುವಷ್ಟೇ ಹುಳು ಸಾಕಬೇಕು, ಮಳೆ ಬರಲಿ ಬಿಸಿಲಿರಲಿ ದಿನಕ್ಕೆ ಮೂರು ನಾಲ್ಕು ಸಲ ಸೊಪ್ಪು ಕೊಯ್ದು ತರಬೇಕು. ಮೊಟ್ಟೆಯೊಡೆದು ಬಂದಾಗ ಅರ್ಧ ಮಿಲಿಗ್ರಾಂನಷ್ಟು ತೂಗುವ ಹುಳು, ನಾಲ್ಕು ಜ್ವರ (ಪೊರೆ ಕಳಚುವ ಮುನ್ನಿನ ನಿದ್ದೆ) ದಾಟಿ ಹಣ್ಣಾಗುವ ಹೊತ್ತಿಗೆ, ಅಂದರೆ ಸುಮಾರು 25 ದಿನಗಳಲ್ಲಿ, ಹತ್ತು ಸಾವಿರ ಪಟ್ಟು ಬೆಳೆದಿರುತ್ತದೆ. ಆ ಬೆಳವಣಿಗೆಯೆಲ್ಲ ಒಂದೇ ಗಿಡದ ಎಲೆಯಿಂದ.

ಹಿಪ್ಪುನೇರಳೆ ಎಲ್ಲ ಕೀಟಗಳಿಗೂ ಒಗ್ಗುವ ಸೊಪ್ಪಲ್ಲ. ಎಲೆಯ ನರ ಮುರಿದಾಗ ಒಸರುವ ಬಿಳಿ ಹಾಲಿನಲ್ಲಿ ಸಕ್ಕರೆಯನ್ನು ಹೋಲುವ ಆಲ್ಕಲಾಯ್ಡುಗಳಿವೆ. ಅವು ಬೇರೆ ಹುಳುಗಳ ಜೀರ್ಣಕ್ರಿಯೆಯನ್ನೇ ಕೆಡಿಸುತ್ತವೆ ಎಂದು ಜಪಾನಿನ ಕೊಟಾರೊ ಕೊನ್ನೊ ಮತ್ತು ಸಂಗಡಿಗರು 2006ರಲ್ಲಿ ತೋರಿಸಿದರು. ಹರಳೆಲೆ ತಿನ್ನುವ ಎರಿ ಹುಳುವಿಗೆ ಹಿಪ್ಪುನೇರಳೆ ಕೊಟ್ಟರೆ ಅದು ಸಾಯುತ್ತದೆ. ಆ ಹಾಲನ್ನು ತೊಳೆದು ಕೊಟ್ಟರೆ ಬೆಳೆಯುತ್ತದೆ. ರೇಷ್ಮೆ ಹುಳುವಿಗೆ ಮಾತ್ರ ಅದೇ ಹಾಲು ಏನೂ ಮಾಡುವುದಿಲ್ಲ. ಬೇರೆಯವರು ಮುಟ್ಟದ ಊಟವನ್ನು ತನ್ನದಾಗಿಸಿಕೊಂಡ ಜೀವ, ಆ ಊಟವನ್ನು ಬಿಟ್ಟು ಬೇರೆಯದನ್ನು ಮುಟ್ಟದಂತಾಗಿದೆ.

ಸೊಪ್ಪಿಗೆ ಬದಲಿ ಹುಡುಕುವ ಯತ್ನ ಹಳೆಯದು. ವಸಂತದಲ್ಲಿ ಹಿಪ್ಪುನೇರಳೆ ತಡವಾಗಿ ಚಿಗುರುವ ಯುರೋಪಿನ ತಣ್ಣನೆಯ ಸೀಮೆಗಳಲ್ಲಿ ಲೆಟ್ಯೂಸ್, ಸ್ಕಾರ್ಜೊನೆರಾ ಎಂಬ ಗಡ್ಡೆ ಗಿಡದ ಎಲೆಗಳನ್ನು ಕೊಟ್ಟು ನೋಡಿದ್ದುಂಟು. ಕೆಲವು ಹುಳುಗಳು ತಿಂದವು, ಗೂಡನ್ನೂ ಕಟ್ಟಿದವು. ಆದರೆ ವ್ಯಾಪಾರಕ್ಕೆ ಬರುವಂಥ ಬೆಳೆ ಅದರಿಂದ ಬರಲಿಲ್ಲ.

ಈ ಕೆಲಸವನ್ನು ಪಟ್ಟು ಹಿಡಿದು ಮಾಡಿದ್ದು ಜಪಾನ್. 1930ರಲ್ಲಿ ಆ ದೇಶ ಸುಮಾರು ನಾಲ್ಕು ಲಕ್ಷ ಟನ್ ರೇಷ್ಮೆ ಗೂಡು ಬೆಳೆದಿತ್ತು. ಎರಡನೇ ಮಹಾಯುದ್ಧ ಮುಗಿದ ಮೇಲೆ, 1950ರ ದಶಕದ ಕೊನೆಗೆ, ಅದು ಒಂದು ಲಕ್ಷ ಟನ್ನಿನ ಆಸುಪಾಸಿಗೆ ಇಳಿದಿತ್ತು. ಹಳ್ಳಿಯ ಹುಡುಗರು ಕಾರ್ಖಾನೆಗಳ ದಾರಿ ಹಿಡಿದಿದ್ದರು. ಗದ್ದೆಗೆ ಹೊಡೆದ ಕೀಟನಾಶಕ ಗಾಳಿಯಲ್ಲಿ ತೇಲಿ ಪಕ್ಕದ ಹಿಪ್ಪುನೇರಳೆ ತೋಟಕ್ಕೆ ಬೀಳುತ್ತಿತ್ತು. ಚಳಿಗಾಲದಲ್ಲಂತೂ ಗಿಡ ಎಲೆಯುದುರಿಸಿ ಬೋಳಾಗಿ ನಿಲ್ಲುತ್ತಿತ್ತು. ಡಬ್ಬಿಯಿಂದ ತೆಗೆದು ಕೊಡಬಹುದಾದ ಆಹಾರವಿದ್ದರೆ ಈ ಮೂರೂ ತೊಡಕುಗಳು ಒಟ್ಟಿಗೆ ಬಗೆಹರಿಯುತ್ತಿದ್ದವು.

ಹುಳುವಿಗೆ ಏನು ಪೋಷಣೆ ಬೇಕೆಂಬುದಕ್ಕಿಂತ ಮೊದಲು, ಅದು ಏನನ್ನು ನೋಡಿ ಬಾಯಿ ತೆರೆಯುತ್ತದೆಂದು ತಿಳಿಯಬೇಕಿತ್ತು. ಯಾಸುಜಿ ಹಮಾಮುರಾ ಎಂಬ ರಸಾಯನ ವಿಜ್ಞಾನಿ ಸೊಪ್ಪಿನ ಸಾರವನ್ನು ಬೇರೆ ಬೇರೆ ಭಾಗಗಳಾಗಿ ಬಿಡಿಸಿ, ಹುಳು ಯಾವುದಕ್ಕೆ ಹೇಗೆ ನಡೆದುಕೊಳ್ಳುತ್ತದೆಂದು ಪರೀಕ್ಷಿಸಿದರು. ಊಟದಲ್ಲಿ ಮೂರು ಮೆಟ್ಟಿಲುಗಳಿವೆ, ಒಂದೊಂದು ಮೆಟ್ಟಿಲಿಗೂ ಬೇರೆ ಬೇರೆ ವಸ್ತುಗಳು ಬೇಕು ಎಂಬುದು ಅವರು ಕಂಡುಕೊಂಡ ಸಂಗತಿ. ಸಿಟ್ರಾಲ್, ಲಿನಲೂಲ್‌ನಂಥ ಪರಿಮಳದ ವಸ್ತುಗಳು ಹುಳುವನ್ನು ಹತ್ತಿರ ಎಳೆಯುತ್ತವೆ. ಬೀಟಾ ಸೈಟೊಸ್ಟಿರಾಲ್, ಐಸೊಕ್ವೆರ್ಸಿಟ್ರಿನ್‌ಗಳು ಅದನ್ನು ಕಚ್ಚುವಂತೆ ಮಾಡುತ್ತವೆ. ಕಚ್ಚಿದ್ದನ್ನು ಬಿಡದೆ ನುಂಗುತ್ತಾ ಹೋಗಬೇಕಾದರೆ ಸೆಲ್ಯುಲೋಸ್ ಇರಬೇಕು. ಜೊತೆಗೆ ಸಕ್ಕರೆ, ಇನೊಸಿಟಾಲ್, ಫಾಸ್ಫೇಟ್, ಸಿಲಿಕಾ ಇದ್ದರೆ ಊಟ ಸರಾಗ. ಸೆಲ್ಯುಲೋಸನ್ನು ಅರಗಿಸಿಕೊಳ್ಳುವ ಶಕ್ತಿ ಹುಳುವಿಗಿಲ್ಲ, ಆದರೂ ಅದಿಲ್ಲದೆ ಗಂಟಲಲ್ಲಿ ಇಳಿಯದು. 1962ರಲ್ಲಿ ಹಮಾಮುರಾ ತಂಡದ ಈ ಕೆಲಸ 'ನೇಚರ್' ಪತ್ರಿಕೆಯಲ್ಲಿ ಪ್ರಕಟವಾಯಿತು.

ಎಲೆಯ ಅಂಚಿಗೆ ಬಂದ ಹುಳುವನ್ನು ಹತ್ತಿರದಿಂದ ನೋಡಿದರೆ ಈ ಮೆಟ್ಟಿಲುಗಳು ಕಣ್ಣಿಗೇ ಕಾಣುತ್ತವೆ. ಮೊದಲು ತಲೆಯನ್ನು ಅತ್ತಿತ್ತ ಆಡಿಸುತ್ತದೆ. ಆಮೇಲೆ ದವಡೆಯ ಕೆಳಗಿರುವ ಮ್ಯಾಕ್ಸಿಲಾ ಎಂಬ ಕಿರಿದಾದ ಜೋಡಿ ಅಂಗಗಳ ತುದಿಯಿಂದ ಎಲೆಯ ಮೈಯನ್ನು ಬಿಡದೆ ತಟ್ಟುತ್ತದೆ. ಒಪ್ಪಿಗೆಯಾದರಷ್ಟೇ ಹಲ್ಲು ಹಚ್ಚಿ ರುಚಿ ನೋಡುತ್ತದೆ. ಆ ರುಚಿಯೂ ಸರಿಯಾಗಿದ್ದರೆ ಮುಂದೆ ಒಂದೇ ಸಮನೆ ಅಂಚನ್ನು ಅರ್ಧಚಂದ್ರಾಕಾರವಾಗಿ ಕತ್ತರಿಸುತ್ತಾ ಇಳಿಯುತ್ತದೆ. ತಟ್ಟುವ ಆ ತುದಿಗಳು ಎಲೆಯ ರಾಸಾಯನಿಕಗಳನ್ನು ಊಹೆಗೆ ನಿಲುಕದಷ್ಟು ಅಲ್ಪ ಪ್ರಮಾಣದಲ್ಲೂ ಗುರುತಿಸುತ್ತವೆ ಎಂಬುದು ಖಚಿತವಾದದ್ದು ತೀರಾ ಈಚೆಗೆ, 2020ರಲ್ಲಿ. ಆದರೆ ಗುಟ್ಟಿರುವುದು ಅಲ್ಲೇ ಎಂಬ ಅನುಮಾನ ಮೊದಲಿನಿಂದಲೂ ಇತ್ತು. ಟೊಶಿಯೊ ಇಟೊ, ಯಾಸುಹಿರೊ ಹೊರಿಯೆ ಮತ್ತು ಅಮೆರಿಕದ ಗಾಟ್‌ಫ್ರೀಡ್ ಫ್ರೇಂಕೆಲ್ 1959ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಮ್ಯಾಕ್ಸಿಲಾ ಕತ್ತರಿಸಿ ತೆಗೆದ ಹುಳುಗಳು ಕೋಸಿನ ಎಲೆ, ಚೆರ‍್ರಿ ಎಲೆಗಳನ್ನೂ ತಿಂದವು. ಅಂದರೆ ಬೇರೆ ಸೊಪ್ಪನ್ನು ಬೇಡವೆನ್ನುತ್ತಿದ್ದುದು ಹೊಟ್ಟೆಯಲ್ಲ, ಬಾಯಿ.

ಮರುವರ್ಷವೇ, 1960ರಲ್ಲಿ, ಫುಕುಡಾ ಮತ್ತು ಸಂಗಡಿಗರು ಒಂದು ಕಡೆ, ಇಟೊ ಮತ್ತು ತನಾಕಾ ಇನ್ನೊಂದು ಕಡೆ, ಹುಳುವನ್ನು ಮೊಟ್ಟೆಯಿಂದ ಗೂಡಿನವರೆಗೆ ಕೃತಕ ಆಹಾರದಲ್ಲೇ ಬೆಳೆಸಿ ತೋರಿಸಿದರು. ಗೆಲುವು ದೊಡ್ಡದೇ, ಬೆಳೆ ಮಾತ್ರ ಹೇಳಿಕೊಳ್ಳುವಂಥದ್ದಲ್ಲ. ಹುಳುಗಳು ನಿಧಾನವಾಗಿ ಬೆಳೆದವು, ಸಣ್ಣವಾದವು. ಇಟೊ ಅವರ ಹುಳುಗಳಲ್ಲಿ ಕೆಲವು ನಾಲ್ಕು ಜ್ವರಕ್ಕೆ ನಿಲ್ಲದೆ ಐದನೆಯದಕ್ಕೂ ಮಲಗಿದವು. ಪೋಷಣೆಯಲ್ಲಿ ಏನೋ ಕೊರತೆಯಿದೆ ಎಂಬುದಕ್ಕೆ ಇದಕ್ಕಿಂತ ಸ್ಪಷ್ಟ ಸೂಚನೆ ಬೇಕಿರಲಿಲ್ಲ.

ಮುಂದಿನ ವರ್ಷಗಳು ಆ ಕೊರತೆಯನ್ನು ಒಂದೊಂದಾಗಿ ಹುಡುಕುವುದರಲ್ಲಿ ಕಳೆದವು. ಸೊಪ್ಪಿನ ಪುಡಿಯನ್ನು ಪೂರ್ತಿ ಬಿಟ್ಟು, ಶುದ್ಧ ಅಮೈನೊ ಆಮ್ಲ, ಸಕ್ಕರೆ, ಲವಣ, ವಿಟಮಿನ್‌ಗಳನ್ನೇ ಕಲಸಿ ಕೊಟ್ಟು, ಒಂದೊಂದನ್ನು ತೆಗೆದಾಗ ಏನಾಗುತ್ತದೆಂದು ನೋಡುವ ಕೆಲಸ ಅದು. ಬಿ ಗುಂಪಿನ ವಿಟಮಿನ್‌ಗಳು ಬೇಕೇ ಬೇಕು ಎಂದಾಯಿತು. ಕೀಟಗಳು ಸ್ಟಿರಾಲನ್ನು ತಾವೇ ತಯಾರಿಸಿಕೊಳ್ಳಲಾರವು. ಆದ್ದರಿಂದ ಕಚ್ಚಲು ಪ್ರೇರೇಪಿಸಿದ ಸೈಟೊಸ್ಟಿರಾಲೇ ಪೋಷಣೆಗೂ ಬೇಕಾಯಿತು. ವಿಟಮಿನ್ ಸಿ ಇಲ್ಲದಿದ್ದರೆ ಬೆಳವಣಿಗೆ ಕುಂಠಿತವಾಗುತ್ತಿತ್ತು. ರೇಷ್ಮೆ ನೂಲೇ ಪ್ರೋಟೀನು, ಹಾಗಾಗಿ ಆಹಾರದಲ್ಲಿ ಪ್ರೋಟೀನು ತಗ್ಗಿದಷ್ಟೂ ಗೂಡು ತೆಳುವಾಗುತ್ತಿತ್ತು.

ಇಷ್ಟೆಲ್ಲ ತಿಳಿದ ಮೇಲೆ ತಯಾರಾದ ಆಹಾರದ ಪಟ್ಟಿ ನೋಡಿದರೆ ಅರ್ಧ ಅಡುಗೆಮನೆ, ಅರ್ಧ ಔಷಧದಂಗಡಿ. ಒಣಗಿಸಿ ಪುಡಿ ಮಾಡಿದ ಹಿಪ್ಪುನೇರಳೆ ಸೊಪ್ಪು, ಎಣ್ಣೆ ತೆಗೆದ ಸೋಯಾ ಹಿಂಡಿ, ಪಿಷ್ಟ, ಸಕ್ಕರೆ, ಸೆಲ್ಯುಲೋಸ್ ಪುಡಿ, ಲವಣ, ವಿಟಮಿನ್, ಸಿಟ್ರಿಕ್ ಆಮ್ಲ. ಬೂಷ್ಟು ಹಿಡಿಯದಿರಲು ಸಾರ್ಬಿಕ್ ಅಥವಾ ಪ್ರೊಪಿಯಾನಿಕ್ ಆಮ್ಲ, ಬ್ಯಾಕ್ಟೀರಿಯಾ ತಡೆಯಲು ಆ್ಯಂಟಿಬಯಾಟಿಕ್, ಗಟ್ಟಿಯಾಗಿಸಲು ಅಗರ್. ಒಣ ಪುಡಿಯ ಎರಡು ಮೂರು ಪಟ್ಟು ನೀರು ಹಾಕಿ ಕಲಸಿ, ಹಬೆಯಲ್ಲಿ ಬೇಯಿಸಿ ಆರಿಸಿದರೆ ಮಾಸಲು ಹಸಿರಿನ, ಚಾಕುವಿನಲ್ಲಿ ಹಾಲುಬಾಯಿಯಂತೆ ಹೋಳು ಮಾಡಬಹುದಾದ ಗಟ್ಟಿ ಸಿದ್ಧ. ಹೋಳುಗಳನ್ನು ತಟ್ಟೆಯಲ್ಲಿ ಹರಡಿ, ಈಗಷ್ಟೇ ಮೊಟ್ಟೆಯೊಡೆದ ಮರಿಗಳನ್ನು ಮೇಲೆ ಬಿಡುತ್ತಾರೆ. ಕೋಣೆ ಸೊಪ್ಪಿನ ಚಾಕಿಗಿಂತ, ಅಂದರೆ ಎಳೆ ಹುಳುವಿನ ಸಾಕಾಣಿಕೆಗಿಂತ, ತುಸು ಹೆಚ್ಚು ಬೆಚ್ಚಗೆ, 29–30 ಡಿಗ್ರಿ ಸೆಲ್ಸಿಯಸ್‌ನಲ್ಲಿರಬೇಕು. ಹೋಳು ಒಣಗಿ ಗಡುಸಾದರೆ ಮರಿಯ ಹಲ್ಲು ನಾಟದ್ದರಿಂದ ಗಾಳಿಯಲ್ಲಿ ತೇವವೂ ಚೆನ್ನಾಗಿರಬೇಕು. ತೇವವಿದ್ದಲ್ಲಿ ಬೂಷ್ಟೂ ಇರುತ್ತದೆ. ಕೃತಕ ಆಹಾರದ ಸಾಕಾಣಿಕೆಯ ದಿನನಿತ್ಯದ ಜಗಳವೆಲ್ಲ ಈ ಎರಡರ ನಡುವಿನದು.

ಮೊದಲ ತುತ್ತಿನ ಬಗ್ಗೆಯೂ ಎಚ್ಚರ ಬೇಕು. ಹುಟ್ಟಿದಾಗಿನಿಂದ ಕೃತಕ ಆಹಾರ ತಿಂದ ಹುಳುವಿಗೆ ಆಮೇಲೆ ಸೊಪ್ಪು ಕೊಟ್ಟರೆ ಸಲೀಸಾಗಿ ಒಗ್ಗಿಕೊಳ್ಳುತ್ತದೆ. ಒಮ್ಮೆ ಸೊಪ್ಪಿನ ರುಚಿ ಕಂಡದ್ದಕ್ಕೆ ಹೋಳು ಕೊಟ್ಟರೆ ಮೂತಿ ತಿರುಗಿಸುತ್ತದೆ.

ಕಾರ್ಯತಃ ಈ ಆಹಾರ ಎಲ್ಲಿ ಉಪಯೋಗಕ್ಕೆ ಬಂದೀತು ಎಂಬುದನ್ನು ತೀರ್ಮಾನಿಸಿದ್ದೂ ಹುಳುವಿನ ಈ ಸ್ವಭಾವವೇ, ಜೊತೆಗೆ ಸೊಪ್ಪಿನ ಲೆಕ್ಕ. ಹುಳು ತನ್ನ ಜೀವಮಾನದಲ್ಲಿ ತಿನ್ನುವ ಸೊಪ್ಪಿನಲ್ಲಿ ಶೇ 80ಕ್ಕಿಂತ ಹೆಚ್ಚು ಹೋಗುವುದು ನಾಲ್ಕನೆಯ ಜ್ವರದ ನಂತರದ ಐದನೆಯ ಹಂತಕ್ಕೆ. ಚಾಕಿಯ ಮೊದಲ ಎರಡು ಹಂತಗಳಿಗೆ ಬೇಕಾಗುವುದು ನೂರರಲ್ಲಿ ಒಂದು ಪಾಲಿನಷ್ಟು. ಆದರೆ ಎಳೆ ಸೊಪ್ಪನ್ನು ಆರಿಸುವುದು, ಸಣ್ಣಗೆ ಹೆಚ್ಚುವುದು, ಸ್ವಚ್ಛತೆ, ಶಾಖ, ಇಡೀ ಬೆಳೆಯ ಹಣೆಬರಹ, ಎಲ್ಲವೂ ಆ ಒಂದು ಪಾಲಿನಲ್ಲೇ ಅಡಗಿದೆ. ದುಬಾರಿ ಆಹಾರವನ್ನು ಕಡಿಮೆ ತಿನ್ನುವ ಕಾಲದಲ್ಲಿ ಕೊಟ್ಟು, ಹೆಚ್ಚು ತಿನ್ನುವ ಕಾಲಕ್ಕೆ ತೋಟಕ್ಕೆ ಮರಳಿಸುವುದೇ ಜಾಣತನವೆಂದು ಜಪಾನಿನ ಸಹಕಾರಿ ಚಾಕಿ ಕೇಂದ್ರಗಳು ಕಂಡುಕೊಂಡವು. 1970ರ ದಶಕದ ಉತ್ತರಾರ್ಧದಿಂದ ಅಲ್ಲಿ ಇದು ರೂಢಿಗೆ ಬಂತು. ದಿನಕ್ಕೆ ಮೂರು ನಾಲ್ಕು ಸಲ ಸೊಪ್ಪು ಹಾಕುವ ಬದಲು ಒಂದೊಂದು ಹಂತಕ್ಕೆ ಒಂದೆರಡು ಸಲ ಹೋಳು ಹಾಕಿದರೆ ಮುಗಿಯಿತು.

ಉಳಿದದ್ದು ದರದ ಪ್ರಶ್ನೆ. ಹೊರಿಯೆ ಮತ್ತು ಸಂಗಡಿಗರು ಇಲ್ಲಿ ಪಶು ಆಹಾರದ ಕಾರ್ಖಾನೆಗಳ ವಿದ್ಯೆಯನ್ನು ತಂದರು: ಬೇಕಾದ ಪೋಷಕಾಂಶಗಳ ಪಟ್ಟಿ, ಪೇಟೆಯಲ್ಲಿ ಸಿಗುವ ಧಾನ್ಯ ಹಿಂಡಿಗಳ ದರ, ಎರಡನ್ನೂ ಗಣಿತಕ್ಕೆ ಒಪ್ಪಿಸಿ ಅತಿ ಅಗ್ಗದ ಮಿಶ್ರಣವನ್ನು ಕಂಡುಹಿಡಿಯುವ ಲೀನಿಯರ್ ಪ್ರೋಗ್ರಾಮಿಂಗ್. ಸೊಪ್ಪಿನ ಪುಡಿಯೇ ಬೇಡದ ಅಗ್ಗದ ಮಿಶ್ರಣವೇನೋ ಸಿಕ್ಕಿತು, ಆದರೆ ಸಾಮಾನ್ಯ ತಳಿಗಳು ಅದನ್ನು ತಿನ್ನಲಿಲ್ಲ. ಹೀಗಾಗಿ ತಿನ್ನುವ ತಳಿಯನ್ನೇ ಬೆಳೆಸಬೇಕಾಯಿತು. ಬಹುಭಕ್ಷಕ ಗುಣದ ಹುಳುಗಳನ್ನು ಆರಿಸಿ, ಕೂಡಿಸಿ ರೂಪಿಸಿದ 'ಅಸಾಗಿರಿ' ಎಂಬ ತಳಿ ಹಿಪ್ಪುನೇರಳೆಯ ಸೋಂಕಿಲ್ಲದ ಆಹಾರವನ್ನೂ ಒಪ್ಪಿತು. ಆಹಾರವನ್ನು ಹುಳುವಿಗೆ ಹೊಂದಿಸುವ ಕೆಲಸ ಹುಳುವನ್ನು ಆಹಾರಕ್ಕೆ ಹೊಂದಿಸುವ ಕೆಲಸವಾಗಿ ಮಗ್ಗುಲು ಬದಲಿಸಿದ್ದು ಇಲ್ಲಿ. ಇಡೀ ಕಥೆಯಲ್ಲಿ ನಿಜವಾದ ತಿರುವು ಇದೇ ಎನ್ನಬೇಕು.

ಆದರೆ ವಿದ್ಯೆ ಮಾಗುವಷ್ಟರಲ್ಲಿ ಕಸುಬು ಕರಗಿತ್ತು. ಅಗ್ಗದ ಆಮದು ರೇಷ್ಮೆಯ ಮುಂದೆ ಜಪಾನಿನ ರೈತ ನಿಲ್ಲಲಿಲ್ಲ. ಒಂದು ಕಾಲಕ್ಕೆ ಲಕ್ಷಗಟ್ಟಲೆ ಟನ್ ಗೂಡು ಬೆಳೆದ ದೇಶದ ಈಗಿನ ವಾರ್ಷಿಕ ಬೆಳೆ ನೂರು ಟನ್ನಿಗೂ ಕಡಿಮೆ.

ಕರ್ನಾಟಕದ ಮಟ್ಟಿಗೆ ಈ ಆಹಾರ ಬಂದದ್ದು ಮೈಸೂರಿನ ಕೇಂದ್ರೀಯ ರೇಷ್ಮೆ ಸಂಶೋಧನೆ ಮತ್ತು ತರಬೇತಿ ಸಂಸ್ಥೆಯ ಮೂಲಕ. ಈ ಶತಮಾನದ ಮೊದಲ ವರ್ಷಗಳಲ್ಲಿ ಅದು ಚಾಕಿ ಹುಳುಗಳಿಗಾಗಿ 'ನ್ಯೂಟ್ರಿಡ್' ಎಂಬ ಅರೆ ಕೃತಕ ಆಹಾರವನ್ನು ರೂಪಿಸಿತು. ಇಲ್ಲಿನ ಸನ್ನಿವೇಶ ಜಪಾನಿನದಲ್ಲ. ನೀರಾವರಿಯಿದ್ದರೆ ಹಿಪ್ಪುನೇರಳೆ ವರ್ಷವಿಡೀ ಚಿಗುರುತ್ತದೆ, ವರ್ಷಕ್ಕೆ ಐದಾರು ಬೆಳೆ ತೆಗೆಯುವ ರೈತರಿದ್ದಾರೆ. ಚಾಕಿ ಕೇಂದ್ರಗಳು ಎರಡನೇ ಜ್ವರ ದಾಟಿಸಿದ ಹುಳುವನ್ನೇ ಮನೆಗೆ ಕೊಡುವುದರಿಂದ ಎಳೆ ಹುಳುವಿನ ತಾಪತ್ರಯ ಎಷ್ಟೋ ರೈತರ ಹೆಗಲಿನಿಂದ ಮೊದಲೇ ಇಳಿದಿದೆ. ಅಂಥ ಕಡೆ ಕೃತಕ ಆಹಾರ ಸೊಪ್ಪಿನೊಡನೆ ದರದಲ್ಲಿ ಸೆಣಸಬೇಕು, ಅದು ಸುಲಭವಲ್ಲ. ಬೇಸಿಗೆಯಲ್ಲಿ ಎಳೆ ಸೊಪ್ಪು ಸಿಗದ ಚಾಕಿ ಕೇಂದ್ರಕ್ಕೆ, ಅಕ್ಕಪಕ್ಕದ ಹೊಲದ ಕೀಟನಾಶಕಕ್ಕೆ ಹೆದರುವ ಕಡೆಗೆ ಅದರ ಉಪಯೋಗ ಹೆಚ್ಚು.

ಕಸುಬಿಗಿಂತ ಪ್ರಯೋಗಾಲಯ ಈ ಆಹಾರವನ್ನು ಬೇಗ ಅಪ್ಪಿಕೊಂಡಿತು. ಯಾವ ತಿಂಗಳಲ್ಲಾದರೂ ಒಂದೇ ಗುಣದ ಹುಳು ಸಿಗುವುದೆಂದರೆ ಸಂಶೋಧಕರಿಗೆ ಅದಕ್ಕಿಂತ ಬೇರೇನು ಬೇಕು? 1985ರಲ್ಲಿ ಸುಸುಮು ಮಯೆದಾ ತಂಡ ರೇಷ್ಮೆ ಹುಳುವಿನ ದೇಹದಲ್ಲಿ ಮಾನವ ಇಂಟರ್‌ಫೆರಾನ್ ತಯಾರಿಸಿ ತೋರಿಸಿದ ಮೇಲೆ ಹುಳು ಔಷಧ ಪ್ರೋಟೀನುಗಳ ಕಾರ್ಖಾನೆಯೂ ಆಯಿತು. 2011ರಲ್ಲಿ ಸಿಂಗಪುರದ ವಿಜ್ಞಾನಿಗಳು ಹಿಪ್ಪುನೇರಳೆ ಪುಡಿಯ ಆಹಾರಕ್ಕೆ ಬಣ್ಣ ಬೆರೆಸಿ, ಹೊಳೆಯುವ ಬಣ್ಣದ ಗೂಡುಗಳನ್ನೇ ಕಟ್ಟಿಸಿದರು.

1959ರಲ್ಲಿ ಕತ್ತರಿ ಮಾಡಿದ ಕೆಲಸವನ್ನು 2019ರಲ್ಲಿ ಜೀನ್ ತಿದ್ದುವ ಕ್ರಿಸ್ಪರ್ ತಂತ್ರ ಮಾಡಿತು. ಚೀನಾದ ಸಂಶೋಧಕರು ಹುಳುವಿನ ಕಹಿ ರುಚಿಗೆ ಸಂಬಂಧಿಸಿದ ಜಿಆರ್66 ಎಂಬ ಒಂದೇ ಗ್ರಾಹಕ ಜೀನನ್ನು ಕೆಡಿಸಿದಾಗ, ಹುಳುಗಳು ಸೇಬು, ಪೇರ್ ಹಣ್ಣು, ಸೋಯಾ, ಮೆಕ್ಕೆಜೋಳಗಳನ್ನೂ ತಿಂದವು. ಆ ಜೀನು ಕೆಲಸ ಮಾಡುವುದು ಮ್ಯಾಕ್ಸಿಲಾದಲ್ಲೇ.

ಮೊಟ್ಟೆಯಿಂದ ಗೂಡಿನವರೆಗೂ ಕೃತಕ ಆಹಾರವೆಂಬ 1960ರ ಕನಸನ್ನು ಕಾರ್ಖಾನೆಯ ಪ್ರಮಾಣಕ್ಕೆ ಏರಿಸುವ ಯತ್ನಗಳು ಈಗ ನಡೆದಿವೆ. ಜಪಾನಿನ ಕುಮಾಮೊಟೊ ಪ್ರಾಂತದ ಯಾಮಾಗಾದಲ್ಲಿ 2017ರಲ್ಲಿ ಆರಂಭವಾದ ಘಟಕ ಶುಚಿ ಕೋಣೆಗಳಲ್ಲಿ ವರ್ಷವಿಡೀ ಹುಳು ಸಾಕುತ್ತದೆ. ಚೀನಾದ ಝೆಜಿಯಾಂಗ್ ಪ್ರಾಂತದ ಶೆಂಗ್‌ಝೌನಲ್ಲಿ ಟೈ ತಯಾರಿಸುವ ಬಾಬೇ ಕಂಪನಿ ಇನ್ನೂ ದೊಡ್ಡ ಪ್ರಮಾಣದಲ್ಲಿ ಅದೇ ಕೆಲಸಕ್ಕೆ ಇಳಿದಿದೆ. ತಟ್ಟೆಗಳನ್ನು ಯಂತ್ರ ಸಾಗಿಸುತ್ತದೆ, ಆಹಾರವನ್ನು ಯಂತ್ರ ಹರಡುತ್ತದೆ. ಐದನೆಯ ಹಂತದ ಹಸಿವು ಮಾತ್ರ ಇಲ್ಲಿಯೂ ಹಳೆಯ ತೊಡಕೇ: ಆಗ ತಿನ್ನುವ ಆಹಾರ ರಾಶಿ ರಾಶಿ, ಖರ್ಚಿನ ಬಹುಪಾಲು ಅಲ್ಲಿಯೇ, ಸೊಪ್ಪು ತಿಂದ ಹುಳುವಿನ ಗೂಡಿಗೆ ಸಮನಾದ ಗೂಡನ್ನು ಕಟ್ಟಿಸುವುದೂ ಕಷ್ಟ. ಸಾಮಾನ್ಯ ತಳಿಗಳಿಗೆ ಕೊಡುವ ಮಿಶ್ರಣದಲ್ಲಿ ಹಿಪ್ಪುನೇರಳೆಯ ಪುಡಿ ಇರಲೇಬೇಕಾದ್ದರಿಂದ, ಇಂಥ ಸಾಕಾಣಿಕೆಗೂ ಹಿಂದೆ ಎಲ್ಲೋ ಒಂದು ಕಡೆ ತೋಟ ಬೇಕೇ ಬೇಕು. ಆ ತೋಟಕ್ಕೆ ಎಳೆ ಸೊಪ್ಪು, ಬಲಿತ ಸೊಪ್ಪೆಂಬ ಭೇದವಿಲ್ಲ, ಹೊತ್ತು ನೋಡಿ ಕೊಯ್ಯುವ ಗಡಿಬಿಡಿಯೂ ಇಲ್ಲ. ಬೆಳೆದಷ್ಟನ್ನು ಯಂತ್ರದಲ್ಲಿ ಕೊಯ್ದು, ಒಣಗಿಸಿ, ಪುಡಿ ಮಾಡಿ ಚೀಲಕ್ಕೆ ತುಂಬಿದರಾಯಿತು.