ಇಸಿಯು ಅಳೆಯುವುದು ಪೆಟ್ರೋಲನ್ನಲ್ಲ, ಸಮಯವನ್ನು

2020ರ ಏಪ್ರಿಲ್‌ನಲ್ಲಿ ಬಿಎಸ್-6 ನಿಯಮ ಜಾರಿಯಾದ ಮೇಲೆ ನಮ್ಮ ಬಹುತೇಕ ಬೈಕು, ಸ್ಕೂಟರುಗಳಿಂದಲೂ ಕಾರ್ಬ್ಯುರೇಟರ್ ಮರೆಯಾಯಿತು. ಹಳೆಯ ಕಾರು, ಜೀಪುಗಳ ಎಂಜಿನ್‌ಗೂ ಇಂಜೆಕ್ಟರ್ ಕೂರಿಸಿ, ಬೇಕಾದಂತೆ ಪ್ರೋಗ್ರಾಂ ಮಾಡಬಲ್ಲ ಇಸಿಯು (ಎಂಜಿನ್ ನಿಯಂತ್ರಿಸುವ ಪುಟ್ಟ ಕಂಪ್ಯೂಟರ್) ಜೋಡಿಸಿಕೊಳ್ಳುವ ಆಸೆ ಈಗ ಹಲವರಿಗೆ. ಯಾವ ಇಸಿಯು ಒಳ್ಳೆಯದು ಎಂದು ಎಲ್ಲರೂ ವಿಚಾರಿಸುತ್ತಾರೆ. ಟ್ಯಾಂಕಿನಿಂದ ಎಂಜಿನ್‌ವರೆಗೆ ಪೆಟ್ರೋಲ್ ಬರುವ ದಾರಿಯನ್ನು ವಿಚಾರಿಸುವವರು ಕಡಿಮೆ. ಮೊದಲು ಯೋಚಿಸಬೇಕಾದದ್ದು ಆ ದಾರಿಯನ್ನೇ. ಏಕೆಂದರೆ ಇಸಿಯು ಪೆಟ್ರೋಲನ್ನು ಅಳೆಯುವುದೇ ಇಲ್ಲ. ಇಂಜೆಕ್ಟರ್ ಎರಡು ಮಿಲಿಸೆಕೆಂಡ್ ತೆರೆದರೆ ಇಷ್ಟು, ಎಂಟು ಮಿಲಿಸೆಕೆಂಡ್ ತೆರೆದರೆ ಇಷ್ಟು ಎಂದು ಅದು ನಂಬಿಕೊಂಡಿರುತ್ತದೆ. ನಲ್ಲಿಯ ಕೆಳಗೆ ಕೊಡ ಇಟ್ಟು, ನೀರನ್ನು ನೋಡದೆ ಗಡಿಯಾರವನ್ನಷ್ಟೇ ನೋಡಿ ತುಂಬಿಸಿದ ಹಾಗೆ ಇದು. ಅರ್ಧ ನಿಮಿಷಕ್ಕೆ ಒಂದು ಕೊಡ ಎಂಬ ಲೆಕ್ಕ ಬೆಳಗಿನ ಜಾವಕ್ಕೆ ಸರಿ. ಅಡುಗೆಮನೆಯಲ್ಲೂ ಬಚ್ಚಲಲ್ಲೂ ಒಟ್ಟಿಗೆ ನಲ್ಲಿ ತಿರುಗಿಸಿದರೆ ಅದೇ ಅರ್ಧ ನಿಮಿಷಕ್ಕೆ ಮುಕ್ಕಾಲು ಕೊಡ. ಪೈಪಿನಲ್ಲಿ ಗಾಳಿ ಸೇರಿಕೊಂಡರೆ ಅದೂ ಇಲ್ಲ. ಗಡಿಯಾರ ಎಷ್ಟು ನಿಖರವಾಗಿದ್ದರೂ ಕೊಡ ತುಂಬುವುದಿಲ್ಲ.

ಎಲೆಕ್ಟ್ರಾನಿಕ್ ಇಂಜೆಕ್ಷನ್ ರೂಪಿಸಿದವರಿಗೆ ಇದು ಮೊದಲಿನಿಂದಲೂ ಗೊತ್ತಿತ್ತು. ಬಾಷ್ ಕಂಪನಿಯ ಡಿ-ಜೆಟ್ರಾನಿಕ್ 1967ರಲ್ಲಿ ಫೋಕ್ಸ್‌ವ್ಯಾಗನ್ 1600 ಕಾರಿನಲ್ಲಿ ಬಂದಾಗ, ಅದರ ಜೊತೆಗೆ ವಿದ್ಯುತ್ ಪಂಪು, ಸುಮಾರು 2 ಬಾರ್ ಒತ್ತಡ ಕಾಯುವ ರೆಗ್ಯುಲೇಟರ್, ಮಿಕ್ಕ ಪೆಟ್ರೋಲನ್ನು ಟ್ಯಾಂಕಿಗೆ ಮರಳಿಸುವ ಪೈಪು ಎಲ್ಲವೂ ಇದ್ದವು. ಈಗ ಸಾಮಾನ್ಯವಾಗಿ 3 ಬಾರ್ ಇಡುತ್ತಾರೆ. ಇಂಜೆಕ್ಟರಿನಿಂದ ಹೊಮ್ಮುವ ಪ್ರಮಾಣ ಅದರ ಎರಡು ತುದಿಗಳ ನಡುವಿನ ಒತ್ತಡ ವ್ಯತ್ಯಾಸದ ವರ್ಗಮೂಲವನ್ನು ಅನುಸರಿಸುತ್ತದೆ. 3 ಬಾರ್ ಇರಬೇಕಾದಲ್ಲಿ 2.4 ಆದರೆ ಪೆಟ್ರೋಲ್ ಶೇ. 10ಕ್ಕಿಂತ ಹೆಚ್ಚು ಕಡಿಮೆಯಾಗುತ್ತದೆ. ಟರ್ಬೊ ಎಂಜಿನ್ನಿನಲ್ಲಿ ಇಂಜೆಕ್ಟರಿನ ಮೂತಿಯ ಕಡೆಯಿಂದಲೇ 1 ಬಾರ್ ಗಾಳಿ ಎದುರು ನೂಕಿದರೆ ಕೊರತೆ ಶೇ. 18; ಅದೂ ಪೆಟ್ರೋಲ್ ಅತ್ಯಂತ ಅಗತ್ಯವಿರುವ ಹೊತ್ತಿನಲ್ಲಿ. ಇದಕ್ಕಾಗಿಯೇ ರೆಗ್ಯುಲೇಟರಿಗೆ, ಎಂಜಿನ್ನಿಗೆ ಗಾಳಿ ಒಯ್ಯುವ ಮ್ಯಾನಿಫೋಲ್ಡಿನಿಂದ ಒಂದು ಸಣ್ಣ ರಬ್ಬರ್ ಕೊಳವೆ ಬರುತ್ತದೆ. ಒಳಗಿನ ಗಾಳಿಯ ಒತ್ತಡ ಏರಿದಷ್ಟೂ ಪೆಟ್ರೋಲಿನ ಒತ್ತಡವೂ ಏರಿ, ವ್ಯತ್ಯಾಸ ಮಾತ್ರ ಹಾಗೆಯೇ ಉಳಿಯುತ್ತದೆ. ಬೆರಳು ದಪ್ಪವೂ ಇಲ್ಲದ ಈ ಕೊಳವೆ ಮಾಡುವ ಕೆಲಸ ನಿಜಕ್ಕೂ ಸೊಗಸು.

ಅಷ್ಟಾದರೂ ತೊಂದರೆ ಹೆಚ್ಚಾಗಿ ಹುಟ್ಟುವುದು ಪಂಪಿನ ಹಿಂದೆ. ಪಂಪು ಚೆನ್ನಾಗಿ ನೂಕುತ್ತದೆ, ಎಳೆಯುವುದರಲ್ಲಿ ಸೋಲುತ್ತದೆ. ಬಿಸಿಯೇರಿದ ಪೆಟ್ರೋಲಿನ ಮೇಲೆ ಒತ್ತಡ ಸ್ವಲ್ಪ ತಗ್ಗಿದರೂ ಅದು ಪೈಪಿನಲ್ಲೇ ಕುದಿದು ಗುಳ್ಳೆಯಾಗುತ್ತದೆ. ಆದ್ದರಿಂದ ಪಂಪು ಟ್ಯಾಂಕಿನೊಳಗೇ ಇರಬೇಕು, ಇಲ್ಲವೇ ಟ್ಯಾಂಕಿನ ಪಕ್ಕದಲ್ಲಿ ತಗ್ಗಿನಲ್ಲಿರಬೇಕು. ಅದರ ಹಿಂದೆ 100 ಮೈಕ್ರಾನಿನ ಒರಟು ಜಾಲರಿ, ಮುಂದೆ 10 ಮೈಕ್ರಾನಿನ ಸೂಕ್ಷ್ಮ ಫಿಲ್ಟರ್. ಎರಡನ್ನೂ ಅದಲುಬದಲು ಮಾಡಿದರೆ ಪಂಪು ಉಸಿರು ಕಟ್ಟಿ ಕಿರುಗುಟ್ಟುತ್ತದೆ. ಕಾರ್ಬ್ಯುರೇಟರಿನ ಫ್ಲೋಟ್ ಬಟ್ಟಲಿನಲ್ಲಿ ಒಂದಿಷ್ಟು ಪೆಟ್ರೋಲ್ ಸದಾ ಕಾದಿರುತ್ತಿತ್ತು. ತಿರುವಿನಲ್ಲಿ ಟ್ಯಾಂಕಿನ ಪೆಟ್ರೋಲ್ ಒಂದು ಬದಿಗೆ ಸರಿದು ಪಂಪು ಕ್ಷಣಕಾಲ ಗಾಳಿ ಹೀರಿದರೂ ಎಂಜಿನ್‌ಗೆ ತಿಳಿಯುತ್ತಿರಲಿಲ್ಲ. ಇಂಜೆಕ್ಷನ್ನಿನಲ್ಲಿ ಆ ಮುಲಾಜಿಲ್ಲ. ರೇಸ್, ರ್‍ಯಾಲಿ ಕಾರುಗಳಲ್ಲಿ ನಡುವೆ ಒಂದೆರಡು ಲೀಟರಿನ ಸರ್ಜ್ ಟ್ಯಾಂಕ್ ಇಡುವುದು ಇದೇ ಕಾರಣಕ್ಕೆ.

ದೊಡ್ಡ ಪಂಪು ಹಾಕಿದರೆ ಮುಗಿಯಿತಲ್ಲ ಎನ್ನುವವರಿದ್ದಾರೆ. ಲೆಕ್ಕ ಹಾಕಿ ನೋಡೋಣ. 100 ಕಿಲೋವ್ಯಾಟ್ ಎಂಜಿನ್ ಪೂರ್ಣ ಶಕ್ತಿಯಲ್ಲಿ ಗಂಟೆಗೆ ಸುಮಾರು 40 ಲೀಟರ್ ಕುಡಿಯುತ್ತದೆ, ಐಡ್ಲಿಂಗಿನಲ್ಲಿ ಒಂದು ಲೀಟರಿನ ಆಸುಪಾಸು. ಗಂಟೆಗೆ 250 ಲೀಟರ್ ನೂಕುವ ಪಂಪು ಹಾಕಿದರೆ ಟ್ರಾಫಿಕ್ಕಿನಲ್ಲಿ ನಿಂತಾಗ ಹೆಚ್ಚುಕಡಿಮೆ ಅಷ್ಟೂ ಪೆಟ್ರೋಲ್ ಬಿಸಿ ಎಂಜಿನ್ನಿನ ಬಳಿ ಸುತ್ತಿ ಟ್ಯಾಂಕಿಗೆ ಮರಳಬೇಕು. ಟ್ಯಾಂಕೇ ಕಾಯುತ್ತದೆ, ಗುಳ್ಳೆಗಳು ಬೇಗ ಹುಟ್ಟುತ್ತವೆ. ಮರಳುವ ಪೈಪು ಸಣ್ಣದಾದರೆ ರೆಗ್ಯುಲೇಟರ್ ಪೂರ್ತಿ ಬಾಯಿ ತೆರೆದರೂ ಒತ್ತಡ ಇಳಿಯುವುದಿಲ್ಲ: 8 ಮಿಲಿಮೀಟರ್ ಒಳವ್ಯಾಸದ ಪೈಪನ್ನು 6ಕ್ಕೆ ಇಳಿಸಿದರೆ, ಅಷ್ಟೇ ಹರಿವಿಗೆ ಒತ್ತಡದ ನಷ್ಟ ಸುಮಾರು ನಾಲ್ಕು ಪಟ್ಟು. ಹೊಗೆಕೊಳವೆಯ ಆಮ್ಲಜನಕ ಸೆನ್ಸರ್ ಎಲ್ಲವನ್ನೂ ಸರಿಪಡಿಸುತ್ತದೆ ಎಂಬ ಇನ್ನೊಂದು ವಾದವೂ ಪೂರ್ತಿ ನಿಲ್ಲುವುದಿಲ್ಲ. ಅದು ಹೇಳುವುದು ಆಗಲೇ ಉರಿದುಹೋದ ಮಿಶ್ರಣದ ಸುದ್ದಿ. ನಿಧಾನದ ಏರುಪೇರನ್ನು ಅದು ತಿದ್ದಬಲ್ಲದು, ನುಗ್ಗಿಬಂದ ಗುಳ್ಳೆಯನ್ನಲ್ಲ. ಪೂರ್ಣ ಲೋಡಿನಲ್ಲಿ ಪೆಟ್ರೋಲ್ ಕಡಿಮೆಯಾದರೆ, ತಿದ್ದುಪಡಿ ಬರುವಷ್ಟರಲ್ಲಿ ಪಿಸ್ಟನ್ ಕೆಟ್ಟಿರಬಹುದು. ಇಂದಿನ ಕಾರುಗಳಲ್ಲಿ ರಿಟರ್ನ್ ಪೈಪೇ ಇಲ್ಲವಲ್ಲ ಎಂಬ ಆಕ್ಷೇಪಕ್ಕೆ ಮಾತ್ರ ಬಲವಿದೆ. ಆದರೆ ಅಲ್ಲಿ ರೆಗ್ಯುಲೇಟರ್ ಟ್ಯಾಂಕಿನೊಳಗಿದೆ, ಮ್ಯಾನಿಫೋಲ್ಡ್ ಒತ್ತಡದ ಏರಿಳಿತವನ್ನು ಇಸಿಯು ಲೆಕ್ಕಕ್ಕೆ ಹಿಡಿಯುತ್ತದೆ, ಪಂಪಿನಿಂದ ಇಂಜೆಕ್ಟರುಗಳಿಗೆ ಪೆಟ್ರೋಲ್ ಹಂಚುವ ರೈಲ್‌ವರೆಗೆ ಎಲ್ಲವನ್ನೂ ಒಂದೇ ಕಡೆ ವಿನ್ಯಾಸ ಮಾಡಿ ಪರೀಕ್ಷಿಸಿರುತ್ತಾರೆ. ಬಿಡಿಭಾಗ ಕೂಡಿಸಿ ಕಟ್ಟುವವರಿಗೆ ರಿಟರ್ನ್ ಇರುವ ಹಳೆಯ ಕ್ರಮವೇ ಕ್ಷೇಮ.

ಉಳಿದದ್ದು ರಬ್ಬರ್ ಪೈಪಿನ ಮಾತು. ಕಾರ್ಬ್ಯುರೇಟರಿಗೆ 0.3 ಬಾರ್ ಸಾಕಿತ್ತು. ಅದರ ಹತ್ತು ಪಟ್ಟು ಒತ್ತಡಕ್ಕೆ ಹಳೆಯ ಪೈಪು, ಹಲ್ಲಿನ ಕ್ಲಿಪ್ಪು ನಡೆಯುವುದಿಲ್ಲ. ಆ ಹಲ್ಲುಗಳು ರಬ್ಬರನ್ನೇ ಕೊರೆಯುತ್ತವೆ. ಪೈಪಿನ ಮೈಮೇಲೆ ಆರ್9 ಎಂಬ ಗುರುತಿರಬೇಕು, ಕ್ಲಿಪ್ಪಿನ ಪಟ್ಟಿಯ ಒಳಮೈ ನಯವಾಗಿರಬೇಕು. ಶೇ. 20 ಎಥನಾಲ್ ಬೆರೆತ ಪೆಟ್ರೋಲ್ ಹಳೆಯ ರಬ್ಬರನ್ನು ಊದಿಸಿ ಮೆತ್ತಗಾಗಿಸಬಲ್ಲದು. ಹಾಗೆ ಮೆತ್ತಗಾದ ಪೈಪಿನಿಂದ 3 ಬಾರ್ ಒತ್ತಡದಲ್ಲಿ ಚಿಮ್ಮುವ ಪೆಟ್ರೋಲ್ ಸೀದಾ ಕಾದ ಹೊಗೆಕೊಳವೆಯ ಮೇಲೆ ಬೀಳಬಹುದು. ಆದ್ದರಿಂದ ಇಸಿಯು ಕೊಳ್ಳುವ ಮುಂಚೆಯೇ ಟ್ಯಾಂಕಿನಿಂದ ರೈಲ್‌ವರೆಗಿನ ಹಳೆಯ ಪೈಪುಗಳನ್ನೆಲ್ಲ ಕಿತ್ತು ಹೊಸದು ಹಾಕಿಸಿ. ಲ್ಯಾಪ್‌ಟಾಪ್ ತೆರೆದು ಇಸಿಯುವಿನ ಇಂಧನದ ಲೆಕ್ಕಪಟ್ಟಿ (ಮ್ಯಾಪ್) ತಿದ್ದಲು ಕೂರುವ ಮೊದಲು ರೈಲಿಗೆ ಒತ್ತಡದ ಗೇಜ್ ಕಟ್ಟಿ, ಪೂರ್ಣ ಲೋಡಿನಲ್ಲಿ ಮುಳ್ಳು ಎಲ್ಲಿ ನಿಲ್ಲುತ್ತದೆಂದು ನೋಡಿ.